ಎಡಗಡೆಯಿಂದ ಮೂರನೇ ಬಾಟಲಿ

ಮನೆಯಿಂದ,
ಭಾನುವಾರ ಸಂಜೆ

ಪ್ರೀತಿಯ ಯಜಮಾನರಿಗೆ,

ಕೆಮ್ಮು ಹೇಗಿದೆ? ಸುರಂಗದೊಳಗೆ ಇಳಿಯುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ ಎಂದು ನಾನು ಬಾಯಿ ಬಡಿದುಕೊಂಡಿದ್ದೇ ಬಂತು, ನೀವು ಕಟ್ಟಿರುವುದಿಲ್ಲ ಎಂದು ನನಗೆ ಗೊತ್ತು. ಊಟಕ್ಕೆ ಸರಿಯಾದ ಹೊತ್ತಿಗೆ ಕೂತುಕೊಳ್ಳುತ್ತೀರಾ, ಅಥವಾ ಮಷೀನು ನಿಲ್ಲಿಸಿದ ಮೇಲೇ ಹಸಿವಾಗುವುದಾ? ಆ ಕ್ಯಾಂಪಿಗೆ ಫೋನು ಸಿಗುವಂತೆ ಮಾಡುವ ಪುಣ್ಯಾತ್ಮ ಇನ್ನೂ ಹುಟ್ಟಿಲ್ಲವಾದ್ದರಿಂದ ಇಷ್ಟುದ್ದ ಬರೆಯಬೇಕಾಗಿದೆ, ಪೂರ್ತಿ ಓದಿ. ನಾವೆಲ್ಲ ಚೆನ್ನಾಗಿದ್ದೇವೆ. ಮಗಳಿಗೆ ಮುಂದಿನ ಹಲ್ಲು ಬಿದ್ದು, ನಗುವಾಗ ಥೇಟ್ ನಿಮ್ಮ ಹಾಗೇ ಕಾಣುತ್ತಾಳೆ, ನಿಮ್ಮ ಹಲ್ಲು ಇದ್ದರೂ.

ಹೋದ ಕಾಗದದಲ್ಲಿ ನೀವು ಒಂದೇ ಒಂದು ಮಾತು ಕೇಳಿದ್ದಿರಿ: ಅಪ್ಪ ಇನ್ನೂ ವ್ಯಾನ್ ಓಡಿಸಬಹುದಾ, ಮುಚ್ಚುಮರೆ ಇಲ್ಲದೆ ಹೇಳು ಎಂದು. ಹೇಳುತ್ತೇನೆ. ಆದರೆ ಅದಕ್ಕೆ ಮೊದಲು ವ್ಯಾನಿನ ಕಥೆ ಹೇಳಬೇಕು, ಎರಡಕ್ಕೂ ಗಂಟು ಬಿದ್ದಿದೆ. ಬೆಳಗಿನ ಟ್ರಿಪ್ಪು ನನ್ನದು, ಮಧ್ಯಾಹ್ನ ಶಾಲೆ ಬಿಟ್ಟ ಮೇಲಿನದು ಮಾವನವರದು, ನೀವು ಹೋದಾಗ ಮಾಡಿಕೊಂಡ ಏರ್ಪಾಡೇ ನಡೆದುಕೊಂಡು ಬಂದಿದೆ. ಒಂದು ವ್ಯಾನ್ ತುಂಬ ಬೇರೆಯವರ ಮಕ್ಕಳು. ಸ್ಟೀರಿಂಗಿನಲ್ಲಿ ಒಂಚೂರು ಶಬ್ದ ಬಂದರೂ ಗಾಡಿ ಬದಿಗೆ ಹಾಕಿ ಇಳಿದು ನೋಡುತ್ತೇನೆ.

ಶಬ್ದ ಶುರುವಾಗಿದ್ದು ಹೋದ ತಿಂಗಳು. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಗೇಟಿನಿಂದ ಹೊರಕ್ಕೆ ತಿರುಗಿಸಿದರೆ ಕುಂಯ್ಯೋ ಎಂದು ನರಳುವುದು. ಆಮೇಲೆ ನಿಧಾನವಾಗಿ ಭಾರವಾಗುತ್ತಾ ಬಂತು, ಶಾಲೆಯ ಹತ್ತಿರ ಸಾಲಿನಲ್ಲಿ ನಿಲ್ಲಿಸುವಾಗ ಬೀಸುವ ಕಲ್ಲು ತಿರುಗಿಸಿದ ಹಾಗೆ ತೋಳು ಸೋಲುತ್ತಿತ್ತು. ನೀವು ಹೇಳಿಕೊಟ್ಟಂತೆ ಎಲ್ಲವನ್ನೂ ಮಾಡಿದೆ. ಬೆಲ್ಟು ಒತ್ತಿ ನೋಡಿದೆ, ಬಿಗಿಯಾಗಿತ್ತು. ಚಕ್ರಗಳಿಗೆ ಗಾಳಿ ಹಾಕಿಸಿದೆ. ಸ್ಟೀರಿಂಗ್ ಆಯಿಲ್ ಡಬ್ಬಿಯ ಮುಚ್ಚಳ ತಿರುಗಿಸಿ, ಅದಕ್ಕೆ ಅಂಟಿದ ಕಡ್ಡಿಯನ್ನು ಒರೆಸಿ, ಮತ್ತೆ ಅದ್ದಿ ತೆಗೆದು ನೋಡಿದೆ. ಗೆರೆಯವರೆಗೂ ಆಯಿಲ್ ಇದೆ! ಮರುದಿನ ನೋಡಿದೆ, ಇದೆ. ಅದರ ಮರುದಿನವೂ ಇದೆ. ಆದರೆ ವ್ಯಾನಿನ ಕೆಳಗೆ ರಟ್ಟು ಹಾಸಿಟ್ಟರೆ ಬೆಳಗಾಗುವಷ್ಟರಲ್ಲಿ ಮುಂದಿನ ಚಕ್ರದ ಪಕ್ಕ ಅಂಗೈಯಗಲ ಒದ್ದೆ. ಕೆಳಗೆ ಸೋರುತ್ತಿದೆ, ಮೇಲೆ ಕಡಿಮೆಯಾಗುತ್ತಿಲ್ಲ. ನನ್ನ ತಲೆ ಕೆಟ್ಟು ಕೆರ ಹಿಡಿಯಿತು. ಆಯಿಲ್ ಕೂಡ ಮೊದಲಿನ ಕೆಂಪು ಇರಲಿಲ್ಲ, ಕದಡಿದ ನೀರಿನ ಹಾಗೆ, ಮೇಲೆ ನೊರೆ. ಹಳೆಯದಾಗಿರಬೇಕು ಅಂದುಕೊಂಡೆ. ಮಾವನವರನ್ನು ಕೇಳಿದರೆ, "ಗಾಡಿಗೂ ವಯಸ್ಸಾಗುತ್ತಮ್ಮಾ, ಸ್ವಲ್ಪ ನರಳುತ್ತೆ, ನೀನು ಯಾಕೆ ಅದರ ಜೊತೆ ನರಳ್ತೀಯ" ಎಂದು ನಕ್ಕುಬಿಟ್ಟರು.

ಶುಕ್ರವಾರ ಟ್ರಿಪ್ಪು ಮುಗಿದ ಮೇಲೆ ನಮ್ಮ ಮೆಕ್ಯಾನಿಕ್ ಮೊಂಡನ ಗ್ಯಾರೇಜಿಗೆ ತೆಗೆದುಕೊಂಡು ಹೋಗಿ ಬಿಟ್ಟೆ, ಶನಿವಾರ ರಜೆ ಇತ್ತಲ್ಲ. ಮರುದಿನ ಬೆಳಿಗ್ಗೆ ನಾನು ಹೋಗುವಾಗ ಮಾವನವರೂ ಬಂದರು. ಬರಬೇಡಿ ಎಂದರೆ ಕೇಳುವವರಾ? ಮೊಂಡ ಅವರ ಹತ್ತಿರವೇ ಗಾಡಿ ಕಲಿತವನು, ಈಗಲೂ ಅವರನ್ನು ಕಂಡರೆ ಬೀಡಿ ಹಿಂದಕ್ಕೆ ಬಚ್ಚಿಡುತ್ತಾನೆ. ಬಾನೆಟ್ ಎತ್ತಿ, ಡಬ್ಬಿಯೊಳಗೆ ಬೆರಳದ್ದಿ, ಉಜ್ಜಿ, ಮೂಸಿ ನೋಡಿದ. ಮುಖ ಹಿಂಡಿದ. "ಇದರೊಳಗೆ ಬ್ರೇಕ್ ಆಯಿಲ್ ಬಿದ್ದಿದೆ ಅಕ್ಕಾ. ರಬ್ಬರ್ ಸೀಲುಗಳೆಲ್ಲ ಊದಿಕೊಂಡು ಹಾಳಾಗಿವೆ, ಸೋರದೆ ಇನ್ನೇನು ಮಾಡುತ್ತೆ? ಯಾರು ಹಾಕಿದ್ದು?" ಅಂದ. ನನ್ನ ಕಡೆಗೇ ನೋಡಿದ. ನಾನು ಆಯಿಲೇ ಹಾಕಿಲ್ಲ, ಯಾವಾಗಲೂ ಗೆರೆಯವರೆಗೆ ಇರುತ್ತಿತ್ತಲ್ಲ ಎಂದು ಜಗಳಕ್ಕೇ ನಿಂತೆ.

ಮಾವನವರು ಹಿಂದಿನಿಂದ ಮೆಲ್ಲಗೆ, "ನಾನು ಹಾಕ್ತಿದ್ದೆ" ಎಂದರು. ದಿನಾ ಮಧ್ಯಾಹ್ನ ಟ್ರಿಪ್ಪಿಗೆ ಹೊರಡುವ ಮುಂಚೆ ಒಂದಿಷ್ಟು. ಹಳೇ ಪೈಪಿನ ಹತ್ತಿರ ಸಣ್ಣಗೆ ಸೋರುವುದು ಅವರಿಗೆ ತಿಂಗಳುಗಳಿಂದ ಗೊತ್ತಿತ್ತಂತೆ. ಅವಳು ಒಬ್ಬಳೇ ಮನೆ, ಮಗಳು, ಗಾಡಿ ಎಲ್ಲ ನೋಡಿಕೊಳ್ಳುತ್ತಿದ್ದಾಳೆ, ಇದೊಂದು ತಲೆಬಿಸಿ ಅವಳಿಗೆ ಯಾಕೆ ಎಂದು ಹೇಳಲಿಲ್ಲವಂತೆ. ಹೇಳಿ, ಇಂಥವರ ಮೇಲೆ ಸಿಟ್ಟು ಮಾಡಿಕೊಳ್ಳುವುದು ಹೇಗೆ? ಮೊಂಡ, "ಸರಿ ಯಜಮಾನ್ರೇ, ಆದರೆ ಬ್ರೇಕ್ ಆಯಿಲ್ ಯಾಕೆ ಹಾಕಿದ್ರಿ?" ಎಂದ. ಮಾವನವರಿಗೆ ರೇಗಿತು. "ನಂಗೇ ಪಾಠ ಹೇಳ್ತೀಯೇನೋ? ಕೆಂಪು ಆಯಿಲೇ ಹಾಕಿರೋದು. ನಮ್ಮನೆ ಶೆಲ್ಫಲ್ಲಿ ಎಡಗಡೆಯಿಂದ ಮೂರನೇ ಬಾಟ್ಲಿ. ಆ ಶೆಲ್ಫು ಹೊಡೆಸಿದಾಗಿನಿಂದ ಅದು ಅದೇ ಜಾಗದಲ್ಲಿದೆ" ಎಂದರು.

ಹೋದ ತಿಂಗಳು ಆ ಶೆಲ್ಫನ್ನು ಒರೆಸಿ ಜೋಡಿಸಿದವಳು ನಾನೇ. ದೊಡ್ಡ ಬಾಟಲಿಗಳು ಒಂದು ಕಡೆ, ಸಣ್ಣವು ಒಂದು ಕಡೆ ಇರಲಿ ಎಂದು, ನೋಡಲು ಚೆಂದ ಎಂದು. ಮೂರನೆಯದು ಈಗ ಬ್ರೇಕ್ ಆಯಿಲ್. ಒಂದು ಕೆಂಪಗೆ, ಇನ್ನೊಂದು ತೆಳು ಹಳದಿ, ಮೇಲೆ ಹೆಸರು ಇಷ್ಟಿಷ್ಟು ದಪ್ಪ ಅಕ್ಷರದಲ್ಲಿದೆ. ನಮ್ಮ ಮಗಳಿಗೂ ಗೊತ್ತಾಗುತ್ತದೆ. ಮೊಂಡ ಮಾವನವರ ಮುಖ ನೋಡಿದ. ಸ್ಪ್ಯಾನರ್ ತರುತ್ತೇನೆ ಎಂದು ಒಳಕ್ಕೆ ಹೋದ, ಸ್ಪ್ಯಾನರ್ ಕೈಯಲ್ಲೇ ಇತ್ತು.

ಕೆಲಸ ಮಾತ್ರ ಅಚ್ಚುಕಟ್ಟಾಗಿ ಆಯಿತು, ಅದನ್ನು ನಿಮಗೆ ಬರೆಯದಿದ್ದರೆ ಸಮಾಧಾನ ಇರುವುದಿಲ್ಲವಲ್ಲ. ಮೊಂಡ ಪಂಪನ್ನೂ, ಚಕ್ರ ತಿರುಗಿಸುವ ಕೆಳಗಿನ ರ್‍ಯಾಕನ್ನೂ ಬಿಚ್ಚಿ ಸೀಲುಗಳನ್ನೆಲ್ಲ ಬದಲಾಯಿಸಿದ. ಸೋರುತ್ತಿದ್ದ ಪೈಪು, ಕ್ಲಿಪ್ಪು ಹೊಸದು. ಹಳೇ ಆಯಿಲನ್ನು ಡಬ್ಬಕ್ಕೆ ಇಳಿಸಿ, ಒಳಗೆಲ್ಲ ಹೊಸ ಆಯಿಲ್ ಹರಿಸಿ, ಬರುವುದು ಅಚ್ಚಗೆಂಪು ಆಗುವವರೆಗೂ ತೊಳೆದ. ಆಮೇಲೆ ಮುಂದಿನ ಚಕ್ರಗಳನ್ನು ಜಾಕಿನ ಮೇಲೆ ಎತ್ತಿ, ನನ್ನನ್ನು ಸೀಟಿನಲ್ಲಿ ಕೂರಿಸಿ, ಈ ತುದಿಯಿಂದ ಆ ತುದಿಗೆ ನಿಧಾನವಾಗಿ ತಿರುಗಿಸು ಎಂದ. ತುದಿಯಲ್ಲಿ ಹಿಡಿದು ನಿಲ್ಲಿಸಬಾರದಂತೆ, ಪಂಪಿಗೆ ಪೆಟ್ಟು. ತಿರುಗಿಸಿದಂತೆ ಒಳಗಿನ ಗಾಳಿಯೆಲ್ಲ ಗುಳುಗುಳು ಎಂದು ಡಬ್ಬಿಗೆ ಬಂದು ಒಡೆಯಿತು. ಗುಳ್ಳೆ ನಿಂತ ಮೇಲೆ ಒಂದು ಬೆರಳಿನಲ್ಲಿ ತಿರುಗುತ್ತದೆ ಕಣ್ರೀ, ಸದ್ದೇ ಇಲ್ಲ. ಮಾವನವರು ಅಷ್ಟು ಹೊತ್ತೂ ಪಕ್ಕದಲ್ಲಿ ಮುರುಕು ಸ್ಟೂಲಿನ ಮೇಲೆ ಕೂತಿದ್ದರು. ಯಾವತ್ತೂ ಇಲ್ಲದ್ದು, ಮೊಂಡನಿಗೆ ಒಂದು ತಪ್ಪೂ ಹೇಳಲಿಲ್ಲ. ಬೈಯಲಿ ಎಂದು ಅವನು ಬೇಕಂತಲೇ ಕ್ಲಿಪ್ಪು ತಿರುಗಾಮುರುಗಾ ಹಾಕಿದ. ಕೊನೆಗೆ ತಾನೇ ಬಿಚ್ಚಿ ಸರಿಯಾಗಿ ಹಾಕಿಕೊಂಡ.

ಶೆಲ್ಫಿನಿಂದ ಬಾಟಲಿ ತೆಗೆದ ಹಾಗೇ ಅವರು ಗಾಡಿಯನ್ನೂ ಓಡಿಸುತ್ತಿದ್ದಾರೆ ಎಂದು ನಿನ್ನೆಯಿಂದ ನನಗೆ ಒಂದೇ ಯೋಚನೆ. ತಿರುವು, ಉಬ್ಬು, ಗೇಟು ಎಲ್ಲ ಕೈಗೆ ಬಾಯಿಪಾಠ. ಆದರೆ ರಸ್ತೆಯಲ್ಲಿ ಯಾವುದೂ ಇಟ್ಟ ಜಾಗದಲ್ಲಿ ಇರುವುದಿಲ್ಲವಲ್ಲ. ಮಕ್ಕಳಂತೂ ಇರುವುದೇ ಇಲ್ಲ.

ಈಗ ಅವರು ಎದುರಿಗೇ ಕೂತು ನಮ್ಮ ಮಗಳ ಜೊತೆ ಚೌಕಾಬಾರ ಆಡುತ್ತಿದ್ದಾರೆ. ಯಾರಿಗೆ ಬರೀತಿದ್ದೀಯ ಎಂದರು. ನಿಮಗೆ ಎಂದೆ. "ಸ್ಟೀರಿಂಗ್ ಸರಿಹೋಯ್ತು ಅಂತ ಬರಿ, ಅಷ್ಟು ಸಾಕು" ಎಂದರು. ಅದಕ್ಕೇ ಹೇಳುತ್ತಿದ್ದೇನೆ, ಸ್ಟೀರಿಂಗ್ ಸರಿಹೋಯಿತು. ನಿಮ್ಮ ಪ್ರಶ್ನೆಗೆ ಉತ್ತರ ಅವರ ಎದುರಿಗೆ ಕೂತು ಬರೆಯಲು ನನ್ನ ಕೈ ಬರುತ್ತಿಲ್ಲ. ಮಗಳು ನಿಮಗೆ ಒಂದು ಮುತ್ತು ಕಳಿಸಿದ್ದಾಳೆ, ಹಲ್ಲಿಲ್ಲದ್ದು. ಮಾವನವರ ಆಶೀರ್ವಾದ. ಕೆಮ್ಮಿಗೆ ಬಿಸಿನೀರು ಕುಡಿಯುವುದನ್ನು ಬಿಡಬೇಡಿ.

ನಿಮ್ಮ ದಾರಿ ನೋಡುತ್ತಾ ಗಾಡಿ ಓಡಿಸುತ್ತಿರುವ,
ನಿಮ್ಮವಳು

ತಾ.ಕ.: ಸೋಮವಾರ ಸಂಜೆ. ಅಂಚೆಗೆ ಹಾಕುವ ಮುಂಚೆ ಲಕೋಟೆ ಮತ್ತೆ ಬಿಚ್ಚಿದ್ದೇನೆ, ಅವಸರದಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಪ್ರಶ್ನೆಗೆ ಉತ್ತರ, ಇಲ್ಲ, ಓಡಿಸಬಾರದು. ಇವತ್ತು ಊಟಕ್ಕೆ ಬಡಿಸುವಾಗ ಹೇಳಿಯೇಬಿಟ್ಟೆ: ಮಾವ, ಮಧ್ಯಾಹ್ನದ ಟ್ರಿಪ್ಪಿಗೂ ನಾನೇ ಹೋಗುತ್ತೇನೆ, ಗುರುವಾರ ಕಣ್ಣಿನ ಡಾಕ್ಟರ ಹತ್ತಿರ ಹೋಗೋಣ ಎಂದು. ನನ್ನ ಕಣ್ಣಿಗೆ ಏನೂ ಆಗಿಲ್ಲ ಎಂದು ಗದರಿ, ತಟ್ಟೆ ಬಿಟ್ಟು ಎದ್ದುಹೋದರು. ನಾನು ವ್ಯಾನ್ ಹೊರಡಿಸುವ ಹೊತ್ತಿಗೆ ಬಂದು, ನನ್ನ ಪಕ್ಕದ ಸೀಟಿನಲ್ಲಿ ಕೂತರು. ಶಾಲೆಯ ಹತ್ತಿರ ಎಲ್ಲರಿಗಿಂತ ಚಿಕ್ಕ ಹುಡುಗಿ ಹತ್ತಿದವಳೇ, "ಡ್ರೈವರ್ ತಾತ, ಯಾಕೆ ಈ ಕಡೆ ಕೂತಿದ್ದೀರ?" ಎಂದು ಕೇಳಿದಳು. ಅವರು ಏನಾದರೂ ನೆಪ ಹೇಳುತ್ತಾರೆ ಅಂದುಕೊಂಡೆ. "ತಾತಂಗೆ ಕಣ್ಣು ಕಾಣಿಸಲ್ಲ ಪುಟ್ಟಿ, ನಿನ್ನ ಮುಖಾನೂ ಕಾಣಿಸ್ತಿಲ್ಲ, ದನಿ ಕೇಳಿ ನೀನು ಅಂತ ಗೊತ್ತಾಯ್ತು" ಎಂದರು. ನಿಮಗೆ ಹೇಳಲಿಲ್ಲ, ನನಗೆ ಹೇಳಲಿಲ್ಲ, ಆ ಮಗುವಿಗೆ ಹೇಳಿದರು. ನನಗೆ ಅಳು ತಡೆಯಲಾಗದೆ ಸ್ವಲ್ಪ ಹೊತ್ತು ಗಾಡಿ ಮುಂದಕ್ಕೆ ಬಿಡಲಿಲ್ಲ, ಹಿಂದಿನವರು ಹಾರ್ನ್ ಹೊಡೆದರೂ. ರೀ, ಅವರಿಗೆ ಸಿಟ್ಟಿನ ಕಾಗದ ಬರೆಯಬೇಡಿ. ಗುರುವಾರ ಅವರು ಡಾಕ್ಟರ ಹತ್ತಿರ ಬರುತ್ತಾರಂತೆ, ನಿಮ್ಮ ಅಪ್ಪ ಆ ಹುಡುಗಿಗೆ ಮಾತು ಕೊಟ್ಟಿದ್ದಾರೆ.