ಆಯಿಯ ರೆಪ್ಪೆ

ಫೆಬ್ರವರಿ 3, ಬೆಳಿಗ್ಗೆ

ಮತ್ತೆ ಬಿಸಿನೀರು, ಹತ್ತಿ. ಆಯಿಯ ರೆಪ್ಪೆಗಳು ರಾತ್ರಿಯೆಲ್ಲ ಅಂಟಿಕೊಂಡಿದ್ದವು. ಕೆಂಪು, ತುರಿಕೆ. ಅಂಗೈ ಮೇಲೆ ಇಷ್ಟಲಿಂಗ ಇಟ್ಟುಕೊಂಡು ರೆಪ್ಪೆ ಬಡಿಯದೆ ನೋಡಬೇಕು — ನಿಮಿಷವೂ ಆಗಲಿಲ್ಲ, ನೀರು ಸುರಿಯಿತು. ಅರವತ್ತು ವರ್ಷ ತಪ್ಪದ ಪೂಜೆ.

ಕಾರಣ ನನಗೆ ಗೊತ್ತು. ವಿಭೂತಿ. ಹಣೆಯಿಂದ ಪುಡಿ ಉದುರಿ ಕಣ್ಣಿಗೆ ಬೀಳುತ್ತದೆ. ಕಾಲೇಜಿನಲ್ಲಿ ನಾವು ಹಂಚುವ ಕರಪತ್ರದಲ್ಲೂ ಇದೆ: ಹೊರಗಿನ ಗುರುತು ಭಕ್ತಿಯಲ್ಲ. ಓದಿ ಹೇಳಿದೆ. ವಿಭೂತಿ ಗಟ್ಟಿ ತೆಗೆದು ನನ್ನ ಟ್ರಂಕಿನಲ್ಲಿಟ್ಟೆ.

ಜಗಳಾಡಲಿಲ್ಲ. "ಓದಿದಾಕಿ ನೀ. ಖರೇ ಇರಬೇಕು ಬಿಡು," ಎಂದಳು.

ಫೆಬ್ರವರಿ 9

ಬರಿ ಹಣೆ. ಪಕ್ಕದ ಮನೆಯ ಮಾಳಮ್ಮ ಕೇಳಿದರೆ ಆಯಿ "ಮೊಮ್ಮಗಳು ಜಪ್ತಿ ಮಾಡ್ಯಾಳ" ಎಂದು ನಗುತ್ತಾಳೆ. ಲಿಂಗವನ್ನು ಕಣ್ಣಿಗೊತ್ತಿಕೊಂಡು ಹಾಗೇ ಕರಡಿಗೆಗೆ ಹಾಕುತ್ತಾಳೆ. ನೋಡುವುದಿಲ್ಲ.

ಕಣ್ಣು ಇನ್ನೂ ಕೆಂಪು…

ಫೆಬ್ರವರಿ 24

ಜೇವರ್ಗಿಗೆ ಹೋಗಿ ಬಂದೆವು. ಇಷ್ಟು ದಿನ ತಡ ಮಾಡಿದ್ದು ನಾನೇ. ಕಣ್ಣಿನ ಡಾಕ್ಟರು ನಿಶಾತ ಮೇಡಂ ಆಯಿಯ ಒಂದು ರೆಪ್ಪೆಗೂದಲು ಕಿತ್ತು ಮೈಕ್ರೋಸ್ಕೋಪಿನಲ್ಲಿ ತೋರಿಸಿದರು. ನುಸಿ. ಉದ್ದನೆಯದು, ಮೋಟುಗಾಲು, ಮೆಲ್ಲಗೆ ಹೊರಳುತ್ತಿತ್ತು. ಎಷ್ಟೋ ಜನರ ರೆಪ್ಪೆಬುಡದಲ್ಲಿ ಇರುತ್ತವಂತೆ. ಹೆಚ್ಚಾದರೆ ಹೀಗೆ. ವಿಭೂತಿಯಿಂದ ಅಲ್ಲವೇ ಎಂದು ಕೇಳಿದೆ.

"ವಿಭೂತಿ ಏನ್ ಮಾಡ್ಯಾದ ಪಾಪ? ಕಣ್ಣಾಗ ಬೀಳದಂಗ ಹಚ್ಚಿಕೊಳ್ಳಲಿ."

ಆಯಿ ನನ್ನ ಕಡೆ ನೋಡಲಿಲ್ಲ. ಬೈದಿದ್ದರೆ ಚಲೋ ಇತ್ತು.

ದಿನಕ್ಕೆರಡು ಸಲ ಬಿಸಿ ಬಟ್ಟೆ, ಆಮೇಲೆ ಅವರು ಕೊಟ್ಟ ಔಷಧದ ಬಟ್ಟೆಯಿಂದ ರೆಪ್ಪೆಬುಡ ಒರೆಸಬೇಕು. ಆರು ವಾರ. ದಿಂಬಿನ ಕವರು ಬಿಸಿನೀರಲ್ಲಿ ಒಗೆಯಬೇಕು. ಅದೇ ದಿಂಬಿನಲ್ಲಿ ಮಲಗುವ ನನ್ನ ಕಣ್ಣನ್ನೂ ನೋಡಿದರು. ನನಗೂ ಇವೆ.

ಮಾರ್ಚ್ 11

ಒರೆಸುವಾಗ ಆಯಿ ಮುಖವನ್ನು ಪೂರ್ತಿ ನನ್ನ ಕೈಗೆ ಬಿಡುತ್ತಾಳೆ. ಮಗುವಿನ ಹಾಗೆ.

ವಿಭೂತಿ ಗಟ್ಟಿ ಇನ್ನೂ ಟ್ರಂಕಿನಲ್ಲೇ. ಕೊಟ್ಟರೆ ತಪ್ಪು ಒಪ್ಪಿಕೊಳ್ಳಬೇಕು. ಹೇಗೆ ಒಪ್ಪಿಕೊಳ್ಳುವುದೆಂದು ಯಾವ ಕರಪತ್ರದಲ್ಲೂ ಇಲ್ಲ. ಅವಳು ಕೇಳುವುದೂ ಇಲ್ಲ.

ಏಪ್ರಿಲ್ 7, ಬೆಳಿಗ್ಗೆ 7

ಟ್ರಂಕು ತೆರೆದೆ. ವಿಭೂತಿ ನೀರಲ್ಲಿ ತೇದು, ಮೂರು ಬೆರಳಲ್ಲಿ ಅವಳ ಹಣೆಗೆ ನಾನೇ ಹಚ್ಚಿದೆ, ಹುಬ್ಬಿನಿಂದ ಬಹಳ ಮೇಲೆ.

"ತಪ್ಪಾತು, ಆಯಿ."

"ಸೊಟ್ಟ ಹಚ್ಚೀದಿ," ಎಂದಳು. ಒರೆಸಲಿಲ್ಲ.

ಲಿಂಗ ನೋಡುತ್ತ ಕೂತಳು. ಒಂದು ಹನಿ ನೀರಿಲ್ಲ. ಬಾಗಿಲಲ್ಲಿ ನಿಂತು ಗಡಿಯಾರ ನೋಡಿದೆ — ಹನ್ನೊಂದು ನಿಮಿಷ.

ಈಗ ನನ್ನ ಪಾಳಿ. ಬಿಸಿ ಬಟ್ಟೆ ಹಿಂಡಿಕೊಂಡು ಬಂದು ನಿಂತಿದ್ದಾಳೆ. "ಕಣ್ಣ ಮುಚ್ಚು ಬೇ." ಇನ್ನೊಂದು ಸಾಲು ಎಂದೆ. ಕೇಳುವವಳಲ್ಲ. ಬೆಚ್ಚಗಿದೆ… ಏನೂ ಕಾಣ—