ನಾಲ್ಕು ಮೂಲೆಗೆ ಮಾತ್ರ ಅಂಟು

ಬಿರುಬಿಸಿಲ ಮಾಸ, ನಾಲ್ಕನೆಯ ಬುಧವಾರ, 2191
ಹಾವೇರಿ

ಪ್ರಿಯ ಚೈತ್ರಾ,

ತಾರೀಖು ನೋಡಿ ಗಾಬರಿಯಾಗಬೇಡ. ಸೆಖೆಗೆಂದೇ ನಾವು ಹದಿಮೂರನೆಯ ತಿಂಗಳೊಂದನ್ನು ಸೇರಿಸಿಕೊಂಡಿದ್ದೇವೆ. ನನ್ನ ಕನ್ನಡ ವಿಚಿತ್ರವೆನಿಸಿದರೆ ಕ್ಷಮಿಸು. ನಿಮ್ಮ ಕಾಲದ ಮಾತನ್ನು ನಾನು ಕಲಿತದ್ದೇ ನಿಮ್ಮ ಕಾಲೇಜಿನ ಪ್ರಾಕ್ಟಿಕಲ್ ರೆಕಾರ್ಡುಗಳಿಂದ. ಲೆಕ್ಕಕ್ಕೆ ನೀನು ನನಗಿಂತ ನೂರಿಪ್ಪತ್ತು ವರ್ಷ ಹಿರಿಯಳು. ಆದರೂ ದ್ವಿತೀಯ ಪಿಯುಸಿ ಹುಡುಗಿಯನ್ನು ಬಹುವಚನದಲ್ಲಿ ಕರೆಯಲು ಈ ಮುದಿ ಶಿಕ್ಷಕಿಗೆ ನಾಲಿಗೆ ಏಳುತ್ತಿಲ್ಲ.

ನಮ್ಮಲ್ಲಿ ಮಗು ಹುಟ್ಟಿದ ವಾರಕ್ಕೇ ಕೈಗೆ ಒಳಪಟ್ಟಿ ಕಟ್ಟುತ್ತಾರೆ. ಬಳೆಯಷ್ಟು ತೆಳುವಾದ ಈ ಪಟ್ಟಿ ಮನಸ್ಸಿನಲ್ಲಿರುವುದನ್ನು ಬಣ್ಣದಲ್ಲಿ ತೋರಿಸುತ್ತದೆ: ದುಃಖಕ್ಕೆ ನೀಲಿ, ಸಿಟ್ಟಿಗೆ ಕೆಂಪು, ನಗುವಿಗೆ ಹಳದಿ. ಊಟಕ್ಕೆ ಕೂತಾಗ ತಾಯಿ ಮಗನ ಮುಖ ನೋಡುವುದಿಲ್ಲ, ಮುಂಗೈ ನೋಡಿ ಇನ್ನೊಂದು ರೊಟ್ಟಿ ಹಾಕುತ್ತಾಳೆ. ‘ಯಾಕ ಸಪ್ಪಗದೀಯ?’ ಎಂದು ಯಾರೂ ಯಾರನ್ನೂ ಕೇಳುವುದಿಲ್ಲ. ನನ್ನ ಮನಃಶಾಸ್ತ್ರದ ತರಗತಿಯಲ್ಲಿ ಮಾತ್ರ ಮಕ್ಕಳು ಪಟ್ಟಿ ಬಿಚ್ಚಿಟ್ಟು, ಎದುರುಬದುರು ಕೂತು, ಹೇಗನ್ನಿಸಿತು ಎಂದು ಕೇಳಿ ಬರೆದುಕೊಳ್ಳುತ್ತಾರೆ. ಶಿಕ್ಷಣ ಸಮಿತಿಯವರು ಆ ತರಗತಿಯನ್ನು ಮುಚ್ಚಲು ಹೊರಟಿದ್ದಾರೆ. ಪಟ್ಟಿ ಹೇಳದ್ದನ್ನು ಬಾಯಿ ಹೇಳಿದ್ದಕ್ಕೆ ಒಂದಾದರೂ ಪುರಾವೆ ತನ್ನಿ ಎಂದು ಸೋಮವಾರದವರೆಗೆ ಗಡುವು ಕೊಟ್ಟಿದ್ದಾರೆ.

ಹಾಗಾಗಿ ನಾನಿನ್ನೂ ಓದದೆ ಇಟ್ಟಿದ್ದ ನಿಮ್ಮ ಮನಃಶಾಸ್ತ್ರದ ರೆಕಾರ್ಡುಗಳನ್ನು ತೆರೆದೆ. ಉಳಿದಿರುವುದು ನಲವತ್ತೊಂದು, ಎಲ್ಲಕ್ಕೂ ಕಂದು ಕಾಗದದ ಹೊದಿಕೆ. ಕನ್ನಡಿಯಲ್ಲಿ ನೋಡುತ್ತ ನಕ್ಷತ್ರದ ಗೆರೆ ತಿದ್ದುವ ಪ್ರಯೋಗ ಎಲ್ಲದರಲ್ಲೂ ಇದೆ. ಗೆಳತಿ ತಿದ್ದುತ್ತಾಳೆ, ನೀವು ಸ್ಟಾಪ್‌ವಾಚ್ ಹಿಡಿಯುತ್ತೀರಿ, ಕೊನೆಗೆ ಅವಳಿಗೇನನ್ನಿಸಿತೆಂದು ಕೇಳಿ ಅಂತರಾವಲೋಕನ ವರದಿ ಬರೆಯುತ್ತೀರಿ. ಎಷ್ಟು ಆಸೆಯಿಂದ ಓದಿದೆ ಗೊತ್ತೇ? ನಲವತ್ತೊಂದರಲ್ಲೂ ಒಂದೇ ವರದಿ: ‘ಪ್ರಯೋಗವು ಆಸಕ್ತಿದಾಯಕವಾಗಿತ್ತು. ಮೊದಲು ಕಷ್ಟವೆನಿಸಿತು, ನಂತರ ಸುಲಭವಾಯಿತು. ಸ್ವಲ್ಪ ತಲೆನೋವಿತ್ತು.’ ಯಾರೋ ಒಬ್ಬ ಸೀನಿಯರ್‌ಗೆ ಒಂದು ದಿನ ತಲೆನೋವು ಬಂದಿರಬೇಕು. ಅವಳ ರೆಕಾರ್ಡು ಕೈಯಿಂದ ಕೈಗೆ ದಾಟಿ ಏಳು ಬ್ಯಾಚಿನವರಿಗೂ ತಲೆನೋವು. ನಕ್ಕು ನಕ್ಕು ಸಾಕಾಯಿತು, ಆಮೇಲೆ ಅಳು ಬಂತು.

ನಿನ್ನ ರೆಕಾರ್ಡಿನ ಆ ಪುಟ ಮಾತ್ರ ದಪ್ಪಗಿತ್ತು. ಮೇಲೆ ಬೇರೆ ಹಾಳೆ ಅಂಟಿಸಿದ್ದೆ. ಚಹಾದ ಹಬೆಗೆ ಹಿಡಿದು ಬಿಡಿಸಿದೆ. ಅಡಿಯಲ್ಲಿ ನಿನ್ನ ಗೆಳತಿ ತಸ್ಲೀಮಾಳ ಮಾತನ್ನು ಅವಳು ಆಡಿದ ಹಾಗೇ ಬರೆದಿದ್ದೀ: ‘ಮುಂದಕ್ಕ ಎಳದ್ರ ಹಿಂದಕ್ಕ ಹೊಕ್ಕೈತಿ. ಕನ್ನಡ್ಯಾಗ ನನ್ನ ಕೈ ನಂದಲ್ಲ ಅನ್ನಿಸ್ತು. ಸಿಟ್ಟ ಬಂತು. ಆಮ್ಯಾಲ ನಗು ಬಂತು ನೋಡವಾ. ನಮ್ಮ ಅಬ್ಬಾ ತೀರಿಕೊಂಡ ಮ್ಯಾಲ ಇವತ್ತ ಮೊದಲ ನಕ್ಕಿದ್ದು. ಯಾಕ ನಕ್ಕೆ ಅಂದ್ರ’. ಅದರ ಮೇಲೆ ಕೆಂಪು ಶಾಯಿಯಲ್ಲಿ ನಿಮ್ಮ ಲೆಕ್ಚರರ್ ಅಡ್ಡಗೆರೆ ಎಳೆದು, ‘ಸರಿಯಾದ ಕ್ರಮದಲ್ಲಿ ಮತ್ತೆ ಬರೆ’ ಎಂದಿದ್ದಾರೆ. ಮುಂದಿನ ಸಾಲನ್ನು ಅಂಟು ತಿಂದಿದೆ. ಎಳೆದರೆ ಕಾಗದವೇ ಕಿತ್ತು ಬರುತ್ತದೆ.

ಒಳಪಟ್ಟಿ ಇದ್ದಿದ್ದರೆ ಅಂದು ತಸ್ಲೀಮಾಳ ಕೈ ಹಳದಿಯಾಗುತ್ತಿತ್ತು, ಅಷ್ಟೇ. ಯಾಕೆ ಎಂಬುದು ಆ ಒಂದು ಸಾಲಿನಲ್ಲಿತ್ತು, ಮತ್ತು ನನಗೆ ಬೇಕಾಗಿರುವುದು ಅದೇ. ಅವಳು ಹೇಳುತ್ತಿದ್ದಾಗ ನೀನು ಸ್ಟಾಪ್‌ವಾಚ್ ನಿಲ್ಲಿಸುವುದನ್ನೂ ಮರೆತಿದ್ದೀ. ಸಮಯದ ಕಾಲಂ ಖಾಲಿಯಿದೆ. ನಾನೆಂದೂ ಕಾಲಿಡದ ಆ ಲ್ಯಾಬು, ಅದರ ಉದ್ದನೆಯ ಬೆಂಚು, ಮೊಣಕೈಗೆ ಮೊಣಕೈ ತಾಗಿಸಿ ಕೂತ ನೀವಿಬ್ಬರು ನನಗೆ ತವರಿನಂತೆ ನೆನಪಾಗುತ್ತೀರಿ. ನನ್ನನ್ನು ಯಾರೂ ಹಾಗೆ ಕೇಳಲಿಲ್ಲ.

ಕೆಂಪು ಶಾಯಿಯ ಕೆಳಗಿರುವ ತಾರೀಖಿಗೇ ಈ ಪತ್ರವನ್ನು ಹಿಂದಕ್ಕೆ ಕಳಿಸುತ್ತಿದ್ದೇನೆ; ನಾಳೆ ನೀನು ಹಾಳೆ ಅಂಟಿಸುವವಳು. ಬೇಡವೆನ್ನಲಾರೆ, ರೆಕಾರ್ಡಿಗೆ ಸಹಿ ಬೀಳದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲವೆಂದು ನನಗೂ ಗೊತ್ತು. ಮೇಲಿನ ಹಾಳೆಯಲ್ಲಿ ಧಾರಾಳವಾಗಿ ತಲೆನೋವನ್ನೇ ಬರೆ. ಆದರೆ ಅಂಟನ್ನು ನಾಲ್ಕು ಮೂಲೆಗೆ ಮಾತ್ರ ಹಚ್ಚು, ತಾಯಿ.

ಪುಟ ನನ್ನ ಮುಂದೆ ತೆರೆದೇ ಇದೆ. ಆ ಸಾಲು ಮೂಡುತ್ತದೆಯೇ ಎಂದು ನೋಡುತ್ತ ಕೂತಿದ್ದೇನೆ.

ನಿನ್ನ,
ಇಳಾ