ಒಳ್ಳೆಯ ಹಾಲು

ಅಡುಗೆಮನೆಯ ಮೇಜು,
ಹದಿನಾಲ್ಕನೇ ತಾರೀಖು, ಮಂಗಳವಾರ, ಬೆಳಗ್ಗೆ ಹತ್ತೂವರೆ

ಪ್ರೀತಿಯ ಮೊಂಡಿ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೆ? ಹೋದ ಸಲ ಗಾಜಿನ ಆಚೆ ನೀನು ಒಂದು ಪಕ್ಕಕ್ಕೆ ವಾಲಿ ಕೂತಿದ್ದೆ. ಕೇಳೋಣ ಅಂದುಕೊಳ್ಳುವಷ್ಟರಲ್ಲಿ ಸಮಯವಾಯಿತೆಂದು ಗಂಟೆ ಬಾರಿಸಿದರು. ಸಾರಿಗೆ ಬೆಣ್ಣೆ ಹಾಕುತ್ತಾರೆಂದು ಬರೀ ಬ್ರೆಡ್ಡು, ಬೇಯಿಸಿದ ಆಲೂಗಡ್ಡೆಯಲ್ಲೇ ದಿನ ದೂಡುತ್ತಿದ್ದೀಯೆಂದು ನಿನ್ನ ಅತ್ತಿಗೆಗೆ ಚಿಂತೆ. ಜೈಲಿನ ಅಡುಗೆಯವರ ಜೊತೆಗೂ ನೀನು ಇಷ್ಟರಲ್ಲಿ ವಾದಕ್ಕೆ ಇಳಿದಿರುತ್ತೀ, ಅದರಲ್ಲಿ ನನಗೆ ಅನುಮಾನವಿಲ್ಲ. ಬೆಣ್ಣೆ ಹಾಕುವ ಮುಂಚೆ ಒಂದು ಬಟ್ಟಲು ಬೇಳೆ ತೆಗೆದಿಡಲು ಕೇಳು, ಅಷ್ಟಕ್ಕೆ ಯಾರೂ ಬೇಡ ಅನ್ನಲಾರರು. ಈ ಕಾಗದವನ್ನು ನಿನಗಿಂತ ಮೊದಲು ಓದುವ ಕಚೇರಿಯವರಿಗೂ ನನ್ನ ನಮಸ್ಕಾರ. ನನ್ನ ಕೈಬರಹ ಕೆಟ್ಟದ್ದು, ಅವರು ಮನ್ನಿಸಬೇಕು.

ನಿನ್ನ ಮಗಳು ಚೆನ್ನಾಗಿದ್ದಾಳೆ. ಈ ಸಾಲು ಬರೆಯುವ ಮುಂಚೆ ಎದ್ದುಹೋಗಿ ನೋಡಿ ಬಂದೆ. ಕಿಟಕಿಯ ಹತ್ತಿರ ಕೂತು ಬೊಂಬೆಯ ಕಾಲಿಗೆ ಬಟ್ಟೆ ಸುತ್ತುತ್ತಿದ್ದಾಳೆ, ಉಸಿರು ಸರಿಯಾಗಿದೆ. ದಿನಕ್ಕೆ ಎಷ್ಟು ಸಲ ಹೀಗೆ ಎದ್ದುಹೋಗುತ್ತೇನೋ ನನಗೇ ತಿಳಿಯದು. ಶುಕ್ರವಾರ ನಿಮ್ಮ ಕಚೇರಿಗೆ ಫೋನ್ ಮಾಡಿದ್ದೆ. ಮಗು ಆಸ್ಪತ್ರೆಗೆ ಹೋಗಿತ್ತು, ಈಗ ಮನೆಯಲ್ಲಿದೆ, ಗಾಬರಿ ಬೇಡ ಎಂದು ನಿನಗೆ ತಿಳಿಸಿದ್ದಾರಂತೆ. ಗಾಬರಿ ಬೇಡ ಅನ್ನುವುದು ನನ್ನ ಮಾತಲ್ಲ, ಅವರೇ ಸೇರಿಸಿದ್ದು. ನಾನು ಗಾಬರಿಯಲ್ಲೇ ಇದ್ದೇನೆ. ಐವತ್ತೊಂದು ವರ್ಷದ ಗಂಡಸು, ಚಮಚ ನೆಲಕ್ಕೆ ಬಿದ್ದ ಸದ್ದಿಗೆ ಬೆಚ್ಚುತ್ತಿದ್ದೇನೆ. ಏನಾಯಿತೆಂದು ನಿನಗೆ ಬಿಡಿಸಿ ಬರೆಯಬೇಕೆಂದು ಮೂರು ದಿನದಿಂದ ಕಾಗದ ತೆಗೆದಿಟ್ಟುಕೊಂಡು ಓಡಾಡಿದ್ದೇನೆ.

ಗುರುವಾರ ಡೈರಿಯಲ್ಲಿ ಬೆಳಗಿನ ಪಾಳಿ ಮುಗಿಸಿ ಒಂಬತ್ತಕ್ಕೆ ಮನೆಗೆ ಬಂದೆ. ನನ್ನ ಕೆಲಸವನ್ನು ನೀನು ಮಗಳಿಗೆ ಹೇಗೆ ವರ್ಣಿಸಿದ್ದೀಯೋ ಏನೋ, ಪಕ್ಕದ ಮನೆಯವರಿಗೆ ಅವಳು 'ನಮ್ಮ ಮಾವ ಹಾಲು ಉಗಿಯೋ ಕೆಲಸ ಮಾಡ್ತಾರೆ' ಎಂದಿದ್ದಾಳೆ. ಸುಳ್ಳೇನಲ್ಲ. ಟ್ಯಾಂಕರ್ ಬಂದು ನಿಂತೊಡನೆ ಏಣಿ ಹತ್ತಿ, ಮುಚ್ಚಳ ಸರಿಸಿ, ಮೂಸಿ, ಉದ್ದ ಹಿಡಿಯ ಚಮಚದಲ್ಲಿ ಒಂದು ಗುಟುಕು ಬಾಯಿಗೆ ಹಾಕಿಕೊಂಡು ನಾಲಿಗೆಯ ಮೇಲೆ ಹೊರಳಿಸಿ ಉಗಿಯುತ್ತೇನೆ. ಆಮೇಲೆ 'ಇಳಿಸಿ' ಅನ್ನುತ್ತೇನೆ, ಇಲ್ಲವೆ 'ವಾಪಸ್' ಅನ್ನುತ್ತೇನೆ. ಯಂತ್ರಗಳು ಬಂದ ಮೇಲೂ ಮೊದಲ ಗುಟುಕು ನನ್ನದೇ. ಹಸು ಬೆಳ್ಳುಳ್ಳಿಯ ಎಲೆಗೆ ಬಾಯಿ ಹಾಕಿದ್ದರೆ, ಕ್ಯಾನಿನ ಮೂಲೆಯಲ್ಲಿ ತುಕ್ಕಿದ್ದರೆ, ಡ್ರೈವರು ದಾರಿಯಲ್ಲಿ ಬಿಸಿಲಿಗೆ ನಿಲ್ಲಿಸಿ ನಿದ್ದೆ ಹೊಡೆದಿದ್ದರೆ ನನಗೆ ಗೊತ್ತಾಗಿಬಿಡುತ್ತದೆ. ಇಪ್ಪತ್ತಾರು ವರ್ಷದಲ್ಲಿ ಈ ನಾಲಿಗೆ ಒಮ್ಮೆಯೂ ತಪ್ಪಿಲ್ಲ. ಒಳ್ಳೆಯ ಹಾಲು ಯಾರಿಗೂ ಕೆಡುಕು ಮಾಡುವುದಿಲ್ಲ ಎಂಬುದು ನನಗೆ ಅಭಿಪ್ರಾಯವೇ ಆಗಿರಲಿಲ್ಲ. ಬೆಳಕಿನ ಹಾಗೆ, ನೆಲದ ಹಾಗೆ, ಸುಮ್ಮನೆ ಇರುವ ಒಂದು ಸಂಗತಿಯಾಗಿತ್ತು. ಆ ದಿನವೂ ಎಂದಿನ ಹಾಗೆ ಬೆಳಗಿನ ಹಾಲುಗಳಲ್ಲೆಲ್ಲ ಉತ್ತಮವಾದದ್ದನ್ನು ಸಣ್ಣ ಕ್ಯಾನಿನಲ್ಲಿ ಮನೆಗೆ ತಂದಿದ್ದೆ.

ನಿನ್ನ ಅತ್ತಿಗೆ ಸೋಯಾ ಹಾಲಿನಲ್ಲಿ ಓಟ್ಸ್ ಗಂಜಿ ಮಾಡಿಟ್ಟು ಬಟ್ಟೆ ಒಣಹಾಕಲು ಮಹಡಿಗೆ ಹೋಗಿದ್ದಳು. ಅಳಿಲು ಮೇಜಿನ ಮುಂದೆ ಕೂತಿದ್ದಳು. (ಇದು ಅವಳಿಗೆ ಇಲ್ಲಿ ಬಿದ್ದ ಹೆಸರು. ಕೆನ್ನೆಯೊಳಗೆ ಕಡಲೆಬೀಜ ತುಂಬಿಕೊಂಡು ಮೆಟ್ಟಿಲು ಹತ್ತಿಳಿಯುವುದನ್ನು ನೋಡಿ ನಿನ್ನ ಅತ್ತಿಗೆ ಇಟ್ಟದ್ದು, ಈಗ ಬೀದಿಯವರೆಲ್ಲ ಹಾಗೇ ಕರೆಯುತ್ತಾರೆ.) ಗಂಜಿ ಅರ್ಧ ತಿಂದಿರಬೇಕು. ಅಂಗೈಯಿಂದ ತುಟಿ ಉಜ್ಜಿಕೊಂಡಳು. ಇನ್ನೊಂದು ಚಮಚ ತಿಂದು ಮತ್ತೆ ಉಜ್ಜಿಕೊಂಡಳು. 'ಮಾವ, ನನ್ನ ನಾಲಿಗೆ ದಪ್ಪ ಆಗ್ತಾ ಇದೆ' ಎಂದಳು. ಆ ಹೊತ್ತಿಗೆ ಅವಳ ದನಿ ಅವಳದಾಗಿರಲಿಲ್ಲ, ಗೋಡೆಯ ಆಚೆಯಿಂದ ಯಾರೋ ಮಾತಾಡಿದ ಹಾಗಿತ್ತು. ಕತ್ತಿನ ಮೇಲೆ ಕೆಂಪು ದದ್ದುಗಳು ನಾನು ನೋಡುತ್ತಿದ್ದಂತೆಯೇ ಎದ್ದು ಒಂದಕ್ಕೊಂದು ಕೂಡಿಕೊಂಡವು. ಉಸಿರು ಎಳೆದುಕೊಂಡಾಗಲೆಲ್ಲ ಸಣ್ಣ ಸಿಳ್ಳೆಯಂಥ ಸದ್ದು. ನಾನು ಏನು ಮಾಡಿದೆ ಅನ್ನುತ್ತೀಯಾ? ನಿಂತಿದ್ದೆ. ಗಡಿಯಾರ ನೋಡಿದ್ದು ನೆನಪಿದೆ. ನೋಡಿ ಏನು ಮಾಡಬೇಕೆಂದಿದ್ದೆನೋ ನೆನಪಿಲ್ಲ.

ನಿನ್ನ ಅತ್ತಿಗೆ ಬಂದಳು. ಖಾಲಿ ಬುಟ್ಟಿಯನ್ನು ಬಾಗಿಲಲ್ಲೇ ಬಿಸಾಡಿ, ನನ್ನನ್ನು ಪಕ್ಕಕ್ಕೆ ನೂಕಿ, ನೀನು ಕೊಟ್ಟುಹೋದ ನೀಲಿ ಚೀಲದಿಂದ ಆ ಪೆನ್ನಿನಂಥ ಸೂಜಿಯನ್ನು ತೆಗೆದು ಮಗುವಿನ ತೊಡೆಗೆ ಒತ್ತಿ ಹಿಡಿದು ಹತ್ತರವರೆಗೆ ಎಣಿಸಿದಳು. ನೀನು ಒಳಗೆ ಹೋಗುವ ಹಿಂದಿನ ದಿನ ಇದೇ ಮೇಜಿನ ಮೇಲೆ ಕಿತ್ತಳೆ ಹಣ್ಣಿಟ್ಟು ಅವಳಿಗೆ ಕಲಿಸಿದ್ದೆಯಲ್ಲ. ನನ್ನನ್ನೂ ಕರೆದಿದ್ದೆ, 'ಅಣ್ಣ, ಸ್ವಲ್ಪ ಈ ಕಡೆ ನೋಡು' ಅಂತ. ನಾನು ಪೇಪರಿನಿಂದ ತಲೆ ಎತ್ತಿರಲಿಲ್ಲ. 'ಕಿತ್ತಳೆಗೆ ಜ್ವರ ಬಂದಿದೆಯಾ?' ಎಂದು ತಮಾಷೆ ಮಾಡಿದ್ದೆ. ಆ ತಮಾಷೆ ಈಗ ದಿನವೂ ನೆನಪಾಗುತ್ತದೆ. ಆಂಬುಲೆನ್ಸು ಬರುವಷ್ಟರಲ್ಲಿ ಸಿಳ್ಳೆಯ ಸದ್ದು ತಗ್ಗಿತ್ತು. ಸೂಜಿ ಇನ್ನೊಂದು ಹತ್ತು ನಿಮಿಷ ತಡವಾಗಿದ್ದರೆ ಎಂದು ಡಾಕ್ಟರಮ್ಮ ಮಾತು ಶುರುಮಾಡಿದರು, ನಿನ್ನ ಅತ್ತಿಗೆಯ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದರು. ಹಾಲೇನಾದರೂ ಹೊಟ್ಟೆಗೆ ಹೋಯಿತೆ ಎಂದು ಕೇಳಿದರು. 'ಪಾತ್ರೆ ನಾನೇ ತೊಳೆದದ್ದು, ಜಿಡ್ಡು ಉಳಿದಿತ್ತೇನೋ' ಎಂದು ಅವಳು ಅಳುವುದಕ್ಕೆ ಶುರುಮಾಡಿದಳು. ಪಾತ್ರೆಯಿಂದ ಬೆರೆತಿರಬಹುದು ಎಂದು ಡಾಕ್ಟರಮ್ಮ ಬರೆದುಕೊಂಡರು. ಒಂದು ರಾತ್ರಿ ಇಟ್ಟುಕೊಂಡು ಮಾರನೆಯ ದಿನ ಕಳಿಸಿದರು.

ಅಂದಿನಿಂದ ಈ ಮನೆಯ ಅಡುಗೆಮನೆಯನ್ನು ನೀನು ನೋಡಬೇಕು. ಹಾಲು ಕಾಯಿಸುವ ಪಾತ್ರೆ, ಬೆಣ್ಣೆಯ ಡಬ್ಬಿ, ನನ್ನ ಮದುವೆಯಲ್ಲಿ ಅಮ್ಮ ಕೊಟ್ಟ ಸೌಟು, ಎಲ್ಲ ಹೊರಗೆ ಹೋದವು. ಅತ್ತಿಗೆ ಕಪ್ಪು ಚಹಾ ಕುಡಿಯುತ್ತಾಳೆ. ದಿನಕ್ಕೆ ಹತ್ತು ಸಲ ಕೈ ತೊಳೆದು ಬೆರಳ ಸಂದು ಬಿರಿದಿದೆ. 'ನನ್ನ ಕೈಯಿಂದಲೇ ಆಯ್ತಲ್ಲ' ಅನ್ನುತ್ತಾಳೆ, ಸೊಪ್ಪು ಹೆಚ್ಚುವಾಗ, ಬಾಗಿಲು ಹಾಕುವಾಗ, ಯಾರೂ ಕೇಳದಿದ್ದರೂ. ನಾನು ಡೈರಿಯಿಂದ ಬಂದವನು ಅಂಗಳದಲ್ಲೇ ಅಂಗಿ ಬಿಚ್ಚಿ, ಸ್ನಾನ ಮಾಡಿ, ಬಾಯಿ ಮುಕ್ಕಳಿಸಿ, ಆಮೇಲೂ ಮಗುವನ್ನು ಮುಟ್ಟುವುದಿಲ್ಲ. ಶನಿವಾರ ಏಣಿಯ ಮೇಲೆ ಗುಟುಕು ಬಾಯಿಗೆ ಹಾಕಿಕೊಂಡರೆ ಏನೂ ತಿಳಿಯಲಿಲ್ಲ. ಸಿಹಿಯೋ ಹುಳಿಯೋ, ಬಾಯಲ್ಲಿ ಏನಾದರೂ ಇದೆಯೋ ಇಲ್ಲವೋ ಅದೂ ತಿಳಿಯಲಿಲ್ಲ. 'ವಾಪಸ್' ಎಂದುಬಿಟ್ಟೆ. ಯಂತ್ರ ನೋಡಿದವರು ಹಾಲು ಚೆನ್ನಾಗಿದೆ ಎಂದರು. 'ಏನ್ ಯಜಮಾನ್ರೇ, ತಂಗಿ ಪಾರ್ಟಿ ಸೇರಿಬಿಟ್ರಾ?' ಎಂದು ಡ್ರೈವರು ನಕ್ಕ. ಎಲ್ಲರೂ ನಕ್ಕರು. ನಾನೂ ನಕ್ಕೆನಂತೆ.

ನಿನ್ನ ಪಾರ್ಟಿಯ ಬಗ್ಗೆ ಎರಡು ಮಾತು. ನಮ್ಮಿಬ್ಬರ ಈ ಜಗಳಕ್ಕೆ ಮೂವತ್ತು ವರ್ಷವಾಯಿತು. ಕೆಳಗೆ ಅಪ್ಪನ ಮಾಂಸದಂಗಡಿ, ಮೇಲೆ ನಮ್ಮ ಊಟದ ಮೇಜು. ಹನ್ನೊಂದನೆಯ ವಯಸ್ಸಿನಲ್ಲಿ ನೀನು ತಟ್ಟೆಯನ್ನು ದೂರ ತಳ್ಳಿದಾಗ ಅಪ್ಪ 'ತಟ್ಟೆ ಮುಂದೆ ವಾದ ಬೇಡ, ಉಣ್ಣು' ಎಂದಿದ್ದರು. ನೀನು ಉಣ್ಣಲಿಲ್ಲ, ವಾದವನ್ನೂ ಬಿಡಲಿಲ್ಲ. ಮೊದಲು ಮಾಂಸ ಬಿಟ್ಟೆ, ಆಮೇಲೆ ಮೊಟ್ಟೆ, ಆಮೇಲೆ ನಾನು ಡೈರಿ ಸೇರಿದ ವರ್ಷವೇ ಹಾಲು. ಅದು ನನ್ನ ಮೇಲಿನ ಹಟ ಎಂದೇ ನಾನು ತಿಳಿದಿದ್ದೆ. 'ಕರುವನ್ನ ಅದರಮ್ಮನಿಂದ ಎಳೆದು ಕಟ್ಟಿದ ಮೇಲೆ ಕರೆದ ಹಾಲು ಅಣ್ಣ, ಆ ರುಚಿ ನಿನ್ನ ನಾಲಿಗೆಗೆ ಸಿಗಲ್ವ?' ಎಂದು ಎಲ್ಲರೆದುರು ಕೇಳಿದ್ದೆ. 'ಇಲ್ಲ ಕಣೇ, ಸಿಹಿಯಾಗೇ ಇರುತ್ತೆ' ಎಂದು ನಾನು ಅಂದಿದ್ದೆ. ನೀನು ಹೇಳುವುದರಲ್ಲಿ ಅರ್ಧ ನಿಜ ಎಂದು ಒಳಗೊಳಗೆ ಅನ್ನಿಸುತ್ತಿತ್ತು. ಯಾವ ಅರ್ಧ ಎಂದು ಗೊತ್ತಾಗದೆ ಪೂರ್ತಿಯನ್ನೇ ತಳ್ಳಿಹಾಕುತ್ತಿದ್ದೆ. ಕೊನೆಗೆ ನೀನು ನಮ್ಮ ಡೈರಿಗೆ ಹಾಲು ಕಳಿಸುವವರ ಕರುಗಳ ಅಂಗಳದ ಬೇಲಿ ಕತ್ತರಿಸಿ ನಾಲ್ಕು ತಿಂಗಳಿಗೆ ಒಳಗೆ ಹೋದೆ. ಬೇಲಿ ತೆಗೆದರೂ ಕರುಗಳು ಹೊರಗೆ ಕಾಲಿಡದೆ ಅಲ್ಲೇ ನಿಂತಿದ್ದವಂತೆ. ಡೈರಿಯಲ್ಲಿ ಅದನ್ನು ಹೇಳಿ ಹೇಳಿ ನಕ್ಕರು. ನನಗೆ ನಗು ಬರಲಿಲ್ಲ, ಆದರೆ ನಿನ್ನ ಪರವಾಗಿ ಒಂದು ಮಾತೂ ಆಡಲಿಲ್ಲ.

ಹೋಗುವಾಗ ನೀನು ಒಂದು ಪಟ್ಟಿ ಬರೆದು ಫ್ರಿಜ್ಜಿಗೆ ಅಂಟಿಸಿದ್ದೆ. ಹಾಲು, ಮೊಸರು, ಬೆಣ್ಣೆ, ಮೊಟ್ಟೆ, ಮಾಂಸ, ಜೇನು: ಕೊಡಬೇಡಿ. ಈಗಲೂ ಅಲ್ಲೇ ಇದೆ, ಇಲ್ಲಿಂದ ಕಾಣುತ್ತದೆ. ಎಲ್ಲವೂ ಒಂದೇ ಸಾಲಿನಲ್ಲಿ, ಒಂದೇ ಶಾಯಿಯಲ್ಲಿ. ಯಾವುದು ನಿನ್ನ ಮನಸ್ಸಿಗೆ ಆಗದ್ದು, ಯಾವುದು ಮಗುವಿನ ಮೈಗೆ ಆಗದ್ದು ಎಂದು ಪಟ್ಟಿಯಲ್ಲಿ ಇರಲಿಲ್ಲ. ಬಾಯಲ್ಲಿ ನೀನು ಹೇಳಿದ್ದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. 'ಹಾಲು ತಾಕಿದರೆ ಇವಳ ಗಂಟಲು ಊದುತ್ತೆ, ಸಣ್ಣವಳಿದ್ದಾಗ ಒಂದು ಸಲ ಆಗಿದೆ' ಎಂದು ಬಾಗಿಲಲ್ಲಿ ನಿಂತು ನಮ್ಮಿಬ್ಬರಿಗೂ ಹೇಳಿದ್ದೆ. ಹೋದ ತಿಂಗಳು ಕೆಮ್ಮು ಬಂದಾಗ ನಿನ್ನ ಅತ್ತಿಗೆ ಪಟ್ಟಿ ಮರೆತು ಒಂದು ಚಮಚ ಜೇನು ಕೊಟ್ಟಿದ್ದಳು. ಏನೂ ಆಗಲಿಲ್ಲ. ಮಗು ಬೆರಳು ನೆಕ್ಕಿಕೊಂಡು ಮಲಗಿತು. ನಿನಗೆ ಹೇಳಬಾರದೆಂದು ನಾವಿಬ್ಬರೂ ಒಪ್ಪಂದ ಮಾಡಿಕೊಂಡಿದ್ದೆವು. ಈಗ ಹೇಳಿದ್ದೇನೆ, ಅವಳನ್ನು ಬೈಯಬೇಡ. ನಿನ್ನ ಪಟ್ಟಿಯ ಮೇಲೆ ತಪ್ಪು ಹೊರಿಸುತ್ತಿಲ್ಲ. ಮೇಜಿನಿಂದ ತಲೆ ಎತ್ತಿದರೆ ಕಣ್ಣಿಗೆ ಬೀಳುವುದು ಅದೊಂದೇ, ಅದಕ್ಕೆ ಬರೆದೆ.

ಅಳಿಲು ಮೊದಲಿನ ಹಾಗೇ ಆಡುತ್ತಾಳೆ, ಸ್ವಲ್ಪ ಮಾತು ಕಡಿಮೆ. ತಟ್ಟೆ ಮುಂದೆ ಬಂದಾಗ ಒಂದು ಕ್ಷಣ ನನ್ನ ಮುಖ ನೋಡುತ್ತಾಳೆ. ನಾನು ಎದ್ದು ಕಿಟಕಿಯ ಹತ್ತಿರ ಹೋಗುತ್ತೇನೆ. ಆಮೇಲೆ ತಿನ್ನುತ್ತಾಳೆ. ನೀನು ಬರುವುದಕ್ಕೆ ಇನ್ನು ನಲವತ್ತು ದಿನ, ದಿನಕ್ಕೆ ಮೂರು ಊಟ. ಒಂದೊಂದು ಊಟವೂ ಮುಗಿದು ಅರ್ಧ ಗಂಟೆ ಕಳೆಯುವವರೆಗೆ ನಾನು ಅವಳ ಉಸಿರಿಗೆ ಕಿವಿಗೊಟ್ಟು ಕೂತಿರುತ್ತೇನೆ. ಇಂಥ ಭಯ ನನಗೆ ಹೊಸದು. ಇದಕ್ಕೆ ವಾಸನೆಯಿಲ್ಲ, ರುಚಿಯಿಲ್ಲ, ಹಾಗಾಗಿ ಎಲ್ಲಿದೆಯೆಂದು ಹುಡುಕಲಾರೆ.

ಮೈ ನೋಡಿಕೋ. ಬೆನ್ನಿಗೆ ಬಿಸಿನೀರಿನ ಬಟ್ಟೆ ಸಿಗುವುದಾದರೆ ಕೇಳು. ನಿನ್ನ ಅತ್ತಿಗೆ ನಿನ್ನನ್ನು ದಿನವೂ ನೆನೆಯುತ್ತಾಳೆ. ಅಳಿಲು ಬಿಡಿಸಿದ ಚಿತ್ರವನ್ನು ಇದರ ಜೊತೆ ಇಟ್ಟಿದ್ದೇನೆ. ನಾಲ್ಕು ಕಾಲಿನದು ಕರುವಂತೆ, ಎರಡು ಕಾಲಿನದು ನೀನಂತೆ. ನನಗಂತೂ ಎರಡೂ ಒಂದೇ ಥರ ಕಂಡವು. ಅಪ್ಪ ಅಮ್ಮ ಇದ್ದಿದ್ದರೆ ಹರಸುತ್ತಿದ್ದ ಹಾಗೆ ಹರಸುತ್ತೇನೆ, ನನ್ನ ಹರಕೆಗೆ ಇನ್ನೂ ಏನಾದರೂ ಬೆಲೆಯಿದ್ದರೆ.

ನಿನ್ನ
ಅಣ್ಣ

ಲಕೋಟೆ ಅಂಟಿಸಬಾರದೆಂಬುದು ನಿಮ್ಮಲ್ಲಿನ ನಿಯಮ. ಅದರಿಂದಲೇ ಅಂಚೆಡಬ್ಬಿಯ ಬಾಯಿಗೆ ಹಿಡಿದ ಕಾಗದವನ್ನು ಮತ್ತೆ ಹೊರಗೆಳೆಯಲು ಆಯಿತು. ಅಂಚೆಕಚೇರಿಯ ಮೇಜಿಗೆ ದಾರದಲ್ಲಿ ಕಟ್ಟಿದ ಪೆನ್ನಿನಲ್ಲಿ ಬರೆಯುತ್ತಿದ್ದೇನೆ, ಹಿಂದೆ ಜನ ನಿಂತಿದ್ದಾರೆ. ಪಾತ್ರೆಯಿಂದ ಅಲ್ಲ. ನಿನ್ನ ಅತ್ತಿಗೆಯ ಕೈಯಿಂದ ಅಲ್ಲ. ನಾನೇ ಹಾಕಿದೆ. ಅವಳು ಮಹಡಿಯಲ್ಲಿದ್ದಾಗ ಕ್ಯಾನಿನಿಂದ ಎರಡು ಚಮಚ ಹಾಲು ಗಂಜಿಗೆ ಹಾಕಿ ಕಲಸಿದೆ. ಹಾಕುವ ಮುಂಚೆ ಮೂರು ಸಲ ರುಚಿ ನೋಡಿದೆ, ಅಷ್ಟು ಒಳ್ಳೆಯ ಹಾಲು ಆ ವಾರದಲ್ಲೇ ಬಂದಿರಲಿಲ್ಲ. ಜೇನಿನಿಂದ ಏನೂ ಆಗಿರಲಿಲ್ಲ, ಇದರಿಂದಲೂ ಆಗುವುದಿಲ್ಲ, ಗಂಟಲಿನ ಮಾತೂ ನಿನ್ನ ವಾದದ್ದೇ ಒಂದು ತುಂಡು ಎಂದುಕೊಂಡೆ. ನೀನು ಹೊರಗೆ ಬಂದ ದಿನ ಹಾಲು ಕುಡಿದು ಕೆನ್ನೆ ತುಂಬಿದ ಮಗಳನ್ನು ನಿನ್ನೆದುರು ನಿಲ್ಲಿಸಿ ಗೆಲ್ಲಬೇಕೆಂದಿದ್ದೆ. ಅವಳು ನೋಡಿಬಿಟ್ಟಳು. 'ಅದು ಹಾಲಲ್ವ ಮಾವ?' ಎಂದಳು. 'ಇದು ಒಳ್ಳೇ ಹಾಲು. ನಮ್ಮಿಬ್ಬರ ಗುಟ್ಟು, ಯಾರಿಗೂ ಹೇಳಬಾರದು' ಎಂದೆ. ತಲೆಯಾಡಿಸಿ ತಿಂದಳು. ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಅವಳನ್ನೂ ಕೇಳಿದರು. ಮುಖದ ಮೇಲೆ ಆಕ್ಸಿಜನ್ ಮುಸುಕು ಇದ್ದಂತೆಯೇ ನನ್ನ ಕಡೆ ನೋಡಿ, ಇಲ್ಲ ಎಂದು ತಲೆ ಅಲ್ಲಾಡಿಸಿದಳು. ಐದು ದಿನವಾಯಿತು. ನನಗೆ ಈಗ ಹಾಲಿನ ಭಯಕ್ಕಿಂತ ಆ ತಲೆ ಅಲ್ಲಾಡಿಸಿದ್ದರ ಭಯ ದೊಡ್ಡದು. ಇಲ್ಲಿಂದ ನೇರ ಮನೆಗೆ ಹೋಗಿ ನಿನ್ನ ಅತ್ತಿಗೆಗೆ ಹೇಳುತ್ತೇನೆ, ಆಮೇಲೆ ಡಾಕ್ಟರಮ್ಮನಿಗೆ. ಮೊದಲು ಓದುವವರೇ, ನನ್ನ ವಿಳಾಸ ಲಕೋಟೆಯ ಹಿಂದಿದೆ, ಏನು ಮಾಡಬೇಕೋ ಮಾಡಿ, ಈ ಕಾಗದವನ್ನು ಮಾತ್ರ ತಡೆಯದೆ ನನ್ನ ತಂಗಿಗೆ ಕೊಡಿ. ಮೊಂಡಿ, ಬಂದ ಮೇಲೆ ನನ್ನನ್ನು ಏನು ಬೇಕಾದರೂ ಕೇಳು. ಅಳಿಲನ್ನು ಕೇಳಬೇಡ. ಅವಳು ಹೇಳುವುದಿಲ್ಲ, ನನಗೆ ಮಾತು ಕೊಟ್ಟಿದ್ದಾಳೆ.